ಬ್ರಷ್ ಮುಟ್ಟಿ ನೋಡುವ ಗ್ಲೆಂಡಾ ಪೆಟ್ರಿಕ್

ಗ್ಲೆಂಡಾ ಪೆಟ್ರಿಕ್ ಯಾರ ಮನೆಗೆ ಬಂದರೂ ಮೊದಲು ಬಚ್ಚಲು ಎಲ್ಲಿ ಎಂದು ಕೇಳುತ್ತಾಳೆ, ಆದರೆ ನೀರು ಬಿಡುವ ಸದ್ದು ಮಾತ್ರ ಕೇಳಿಸುವುದಿಲ್ಲ ಎಂದು ನಮ್ಮ ಬೀದಿಯವರು ಹೇಳುತ್ತಿದ್ದರು. ಒಳಗೆ ಹೋಗಿ ಚಿಲಕ ಹಾಕಿಕೊಂಡು ಹಲ್ಲುಜ್ಜುವ ಬ್ರಷ್ಷುಗಳ ಮೇಲೆ ಹೆಬ್ಬೆರಳು ಆಡಿಸುತ್ತಾಳಂತೆ. ಒದ್ದೆಯಾಗಿದ್ದರೆ ಮನೆಯ ಮಗು, ಒಣಗಿದ್ದರೆ ಕಳ್ಳ ಮಗು. ಅವಳು ಸತ್ತು ಸ್ವರ್ಗಕ್ಕೆ ಹೋದರೆ ಬಾಗಿಲಲ್ಲೇ ಸಂತ ಪೀಟರನ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಬಂದವರನ್ನೆಲ್ಲ ಕರೆಂಟ್ ಬಿಲ್ ತೋರಿಸಿ ಎನ್ನುತ್ತಾಳೆ ಎಂದು ಎದುರುಮನೆಯ ರೋಂಡಾ ಸ್ವೀನಿ ನಗಾಡುತ್ತಿದ್ದಳು. ನಗಾಡುವಷ್ಟು ಸ್ನೇಹವಿದ್ದ ಕಾಲದ ಮಾತು ಅದು.

ಅಕ್ಟೋಬರ್ ಕೊನೆಗೆ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮಿಠಾಯಿ ಕೇಳಲು ಬಂದರೂ ಅವಳು ಬಿಡುತ್ತಿರಲಿಲ್ಲ. ಮುಖವಾಡ ಎತ್ತಿಸಿ ನೋಡುವಳು.

"ಯಾವ ಬೀದಿಯವನೋ ನೀನು?"

"ನರಕದಿಂದ ಬಂದಿದೀನಿ!" ಎಂದಿತು ಒಮ್ಮೆ ಒಂದು ಪುಟ್ಟ ಪಿಶಾಚಿ, ಕೊಂಬು ಅಲ್ಲಾಡಿಸಿ.

"ನರಕದಲ್ಲಿ ಯಾವ ಬೀದಿ?"

ಪಿಶಾಚಿ ಗೊಳೋ ಎಂದು ಅತ್ತುಕೊಂಡು ಓಡಿತು. ಮಾರನೆಯ ವರ್ಷದಿಂದ ಮಕ್ಕಳು ಅವಳ ಮನೆ ದಾಟಿಕೊಂಡೇ ಹೋಗುತ್ತಿದ್ದವು. ಬಟ್ಟಲು ತುಂಬ ಚಾಕಲೇಟು ಇಟ್ಟುಕೊಂಡು ದೀಪ ಹಾಕಿ ಕಾಯುವುದನ್ನು ಮಾತ್ರ ಅವಳು ಬಿಡಲಿಲ್ಲ.

ನಮ್ಮ ಬ್ರೂಕ್‌ಮಾಂಟಿಗೆ ಹೇಳಿಕೊಳ್ಳಲು ಬೇರೇನೂ ಇರಲಿಲ್ಲ. ಬೆಟ್ಟವಿಲ್ಲ, ಕೆರೆಯಿಲ್ಲ, ಕೂತು ಒಂದು ಕಾಫಿ ಕುಡಿಯುವಂಥ ಪೇಟೆಯೂ ಇಲ್ಲ. ಇದ್ದದ್ದು ಹೈಸ್ಕೂಲು. ವರ್ಷಕ್ಕೊಮ್ಮೆ ಓಹಾಯೋದ ಪತ್ರಿಕೆಗಳಲ್ಲಿ ಶಾಲೆಗಳ ಸ್ಥಾನ ಅಚ್ಚಾದಾಗ ನಮ್ಮ ಶಾಲೆ ಮೇಲಿನ ಸಾಲುಗಳಲ್ಲಿರುತ್ತಿತ್ತು. ಆ ಸಾಲಿಗಾಗಿಯೇ ಜನ ಇಲ್ಲಿ ಮನೆ ಕೊಂಡು, ಜೀವಮಾನವಿಡೀ ಕಂತು ಕಟ್ಟುತ್ತಿದ್ದರು. ಊರಂಚಿನ ತೊರೆಯಾಚೆಯ ಪಟ್ಟಣದಲ್ಲಿ ಶಾಲೆಗಳ ಛಾವಣಿ ಸೋರುತ್ತಿತ್ತು, ಗಣಿತದ ಮೇಷ್ಟ್ರು ವರ್ಷದ ನಡುವೆ ಬಿಟ್ಟುಹೋಗುತ್ತಿದ್ದರು. ನಮ್ಮ ಶಾಲೆಗೆ ಸೇರಲು ನಮ್ಮೂರಲ್ಲೇ ವಾಸವಿರಬೇಕೆಂಬುದು ನಿಯಮ. ಹಾಗಾಗಿ ಆಚೆಯವರು ಈಚೆಯ ಚಿಕ್ಕಮ್ಮನದೋ ಮಾವನದೋ ವಿಳಾಸ ಕೊಟ್ಟು ಮಕ್ಕಳನ್ನು ಸೇರಿಸುತ್ತಿದ್ದರು. ಈಚೆಯವರು ಬೆಳಿಗ್ಗೆ ಆ ಮಕ್ಕಳಿಗೆ ಕೈಬೀಸಿ ನಕ್ಕು, ಒಳಗೆ ಹೋಗಿ ಶಾಲಾ ಕಚೇರಿಯ ದೂರಿನ ಫೋನಿಗೆ ಕರೆ ಮಾಡುತ್ತಿದ್ದರು. ಹೆಸರು ಹೇಳಬೇಕಾಗಿಲ್ಲದ ಫೋನು ಅದು.

ಆ ಫೋನಿನ ದೂರು ಹಿಡಿದು ಮನೆ ಮನೆಗೆ ಹೋಗುತ್ತಿದ್ದವಳೇ ಗ್ಲೆಂಡಾ. ಮೊದಲು ಬಹಳ ಕಾಲ ಹೈಸ್ಕೂಲಿನ ಹಾಜರಿ ಕಿಟಕಿಯಲ್ಲಿ ಕೂತಿದ್ದಳು. ತಡವಾಗಿ ಬಂದವರು ಹೇಳುವ ಸುಳ್ಳುಗಳೆಲ್ಲ ಅವಳಿಗೆ ಬಾಯಿಪಾಠ. ಗಂಡ ತೀರಿಕೊಂಡ ಮೇಲೆ ಕಚೇರಿಯವರು ಅವಳನ್ನು ಮನೆ ತಪಾಸಣೆಗೆ ಹಾಕಿದರು. ಕಚೇರಿಯ ಬೂದು ಬಣ್ಣದ ಕಾರಿನಲ್ಲಿ, ಫ್ಲಾಸ್ಕಿನ ಕಾಫಿ ಕುಡಿಯುತ್ತ, ಯಾವ ಮಗು ಯಾವ ಬಾಗಿಲಿಂದ ಹೊರಗೆ ಬರುತ್ತದೆಂದು ನೋಡುತ್ತ ಕೂರುವಳು. ಹಳೆಯ, ಬಣ್ಣ ಹೋದ ಕಾರು ಕಂಡರೆ ಅದರ ಹಿಂದೆ ಬೇಗ ಹೋಗುತ್ತಾಳೆ, ಹೊಸ ಕಾರಿನ ಹಿಂದೆ ಹೋಗುವುದೇ ಇಲ್ಲ ಎಂದು ತೊರೆಯಾಚೆಯವರು ಹೇಳುತ್ತಿದ್ದರು. ಅದರಲ್ಲಿ ಸುಳ್ಳೇನಿರಲಿಲ್ಲ.

ಗ್ಲೆಂಡಾಗೆ ಒಬ್ಬಳೇ ಮಗಳು, ಡೆನೀಸ್. ತಾಯಿ ಹಾಜರಿ ಕಿಟಕಿಯಲ್ಲಿದ್ದಾಗಲೇ ಅವಳು ಅದೇ ಶಾಲೆಯಲ್ಲಿ ಓದಿದಳು. ಒಂದು ಮಧ್ಯಾಹ್ನ ಡೆನೀಸ್ ರಸಾಯನಶಾಸ್ತ್ರದ ತರಗತಿ ತಪ್ಪಿಸಿ ಒಬ್ಬ ಹುಡುಗನ ಜೊತೆ ಐಸ್‌ಕ್ರೀಮ್ ತಿನ್ನಲು ಹೋದಳು. ಮರಳಿ ಬಂದಾಗ ಕಿಟಕಿಯ ಹಿಂದೆ ಅಮ್ಮ. ಅಮ್ಮ ಕಣ್ಣೆತ್ತಲಿಲ್ಲ, "ಹೆಸರು?" ಎಂದಳು. ಮಗಳ ಹೆಸರನ್ನು ಮಗಳ ಬಾಯಿಂದಲೇ ಹೇಳಿಸಿ, ಶನಿವಾರ ಶಾಲೆಗೆ ಬಂದು ಕೂರುವ ಶಿಕ್ಷೆ ಹಾಕಿ ಚೀಟಿ ಕೊಟ್ಟಳು. ಹಿಂದೆ ಸಾಲಿನಲ್ಲಿ ನಿಂತ ಹುಡುಗರೆಲ್ಲ ನಕ್ಕರು. ಆ ನಗು ಡೆನೀಸಳ ಕಿವಿಯಿಂದ ಹೋಗಲೇ ಇಲ್ಲ. ತಾಯಿ ಮಗಳು ಒಂದು ಅಡಿಗೆಮನೆಯಲ್ಲಿ ನಿಂತರೆ ಹತ್ತು ನಿಮಿಷದಲ್ಲಿ ಯಾರಾದರೊಬ್ಬರು ಬಾಗಿಲು ಬಡಿದುಕೊಂಡು ಹೊರಗೆ ಬರುವುದನ್ನು ಬೀದಿಯೇ ನೋಡಿತ್ತು.

ಡೆನೀಸಳ ಮದುವೆ ಮುರಿಯಿತು. ಬ್ರೂಕ್‌ಮಾಂಟಿನ ಮನೆ ಮಾರಿಹೋಯಿತು. ಅವಳು ಕೆಲಸ ಮಾಡುವ ಆಸ್ಪತ್ರೆಯ ಹತ್ತಿರವೇ, ತೊರೆಯಾಚೆ, ಮೂರನೇ ಮಹಡಿಯಲ್ಲಿ ಎರಡು ಕೋಣೆ ಹಿಡಿದಳು. ಅವಳ ಮಗಳು ಡೆಲೇನಿ ಆಗ ನಾಲ್ಕು ವರ್ಷದ ಹೈಸ್ಕೂಲಿನ ಮೂರನೇ ವರ್ಷ. ಓದಿನಲ್ಲಿ ತರಗತಿಗೆ ಎರಡನೆಯವಳು. ಶಾಲೆಯ ಮೆರವಣಿಗೆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವಳನ್ನು ಮುಂದಿನ ವರ್ಷಕ್ಕೆ ಕೋಲು ಹಿಡಿದು ಬ್ಯಾಂಡು ನಡೆಸುವ ಮುಂದಾಳಾಗಿ ಆರಿಸಿದ್ದರು. ಬೇರೆ ಶಾಲೆಗೆ ಹೋದರೆ ಕೋಲೂ ಇಲ್ಲ, ಸ್ಥಾನವೂ ಇಲ್ಲ. ಕೊನೆಯ ವರ್ಷ ಇಲ್ಲಿ ಮುಗಿಸಿದವರಿಗೆ ಮಾತ್ರ ಸ್ಥಾನ ಎನ್ನುವುದು ಶಾಲೆಯ ನಿಯಮ. ಆ ಸ್ಥಾನ ನೋಡಿಯೇ ವಿಶ್ವವಿದ್ಯಾಲಯದವರು ವಿದ್ಯಾರ್ಥಿವೇತನ ಕೊಡುವುದು.

ಡೆನೀಸ್ ಹಲ್ಲು ಕಚ್ಚಿಕೊಂಡು ತಾಯಿಯ ಬಳಿ ಬಂದಳು. ಗ್ಲೆಂಡಾ ಒಪ್ಪಿದಳು, ಆದರೆ ತನ್ನದೇ ರೀತಿಯಲ್ಲಿ.

"ನನ್ನ ವಿಳಾಸ ಕೊಟ್ರೆ ನನ್ನ ಮನೇಲೇ ಮಲಗ್ಬೇಕು. ಶಾಲೆ ಇರೋ ದಿನ ಒಂದು ರಾತ್ರಿನೂ ತಪ್ಪೋ ಹಾಗಿಲ್ಲ."

"ಸ್ವಂತ ಮೊಮ್ಮಗಳಿಗೂ ಷರತ್ತಾ ಅಮ್ಮಾ?"

"ಬೇರೆಯವರ ಮೊಮ್ಮಕ್ಕಳಿಗೆ ಹಾಕಿದ್ನಲ್ಲ."

ಡೆಲೇನಿ ಪೆಟ್ಟಿಗೆ ತಂದು ಅಜ್ಜಿಯ ಮನೆಯ ಹಿಂದಿನ ಕೋಣೆ ಸೇರಿದಳು. ಹುಡುಗಿ ಅಜ್ಜಿಯ ಹಾಗೆಯೇ ಚೂಪು ನಾಲಿಗೆಯವಳು, ಇಬ್ಬರಿಗೂ ಹೇಗೋ ಹೊಂದಿಕೊಂಡಿತು. ಮೊದಲ ಬೆಳಿಗ್ಗೆ ಬಚ್ಚಲಿಂದ ಹೊರಬಂದು ಬ್ರಷ್ಷನ್ನು ಅಜ್ಜಿಯ ಮೂಗಿನ ಮುಂದೆ ಹಿಡಿದು, "ತಗೊಳ್ಳಿ ಮೇಡಂ, ಒದ್ದೆ ಇದೆ, ಸಹಿ ಹಾಕಿ" ಎಂದಳಂತೆ. ಗ್ಲೆಂಡಾ ನಕ್ಕಿದ್ದನ್ನು ಅವತ್ತು ಕಿಟಕಿಯಿಂದ ಕಂಡೆ ಎಂದು ರೋಂಡಾ ಬೀದಿಗೆಲ್ಲ ವರದಿ ಕೊಟ್ಟಳು.

ಆ ಚಳಿಗಾಲದಲ್ಲೇ ರೋಂಡಾಳ ಸರದಿ ಬಂತು. ಅವಳ ತಂಗಿಯ ಮಗ ಟ್ರೆಂಟ್, ಕುಸ್ತಿ ತಂಡದ ಹುಡುಗ. ರೋಂಡಾಳ ವಿಳಾಸದಲ್ಲಿ ನಮ್ಮ ಹೈಸ್ಕೂಲಿಗೆ ಬರುತ್ತಿದ್ದ. ತೊರೆಯಾಚೆ ಫೇಲಾಗುತ್ತಿದ್ದವನು ಇಲ್ಲಿ ಬಂದು ಬೀಜಗಣಿತದಲ್ಲಿ ಚೆನ್ನಾಗಿ ಪಾಸಾಗಿ, ಆ ಉತ್ತರಪತ್ರಿಕೆಯನ್ನು ದೊಡ್ಡಮ್ಮನ ಫ್ರಿಜ್ಜಿಗೆ ಅಂಟಿಸಿದ್ದ. ಯಾರೋ ಫೋನ್ ಮಾಡಿದರು. ಮಾರನೆಯ ದಿನ ಹಿಮ ಬಿದ್ದಿತ್ತು. ಗ್ಲೆಂಡಾ ತನ್ನ ಮನೆಯಂಗಳದಲ್ಲೇ ಕಾರಿನೊಳಗೆ ಕೂತಳು. ರೋಂಡಾಳ ಮನೆಯಿಂದ ಟ್ರೆಂಟ್ ಚೀಲ ಹಾಕಿಕೊಂಡು ಹೊರಬಂದ. ರಾತ್ರಿಯಿಡೀ ಒಳಗೆ ಮಲಗಿದ್ದನೆನ್ನುವ ಹುಡುಗನ ಬೂಟಿಗೆ ಆಗಲೇ ಹಿಮ ಮೆತ್ತಿಕೊಂಡಿತ್ತು.

ಗ್ಲೆಂಡಾ ಬೀದಿ ದಾಟಿ ಹೋಗಿ ಅವನ ಕೋಣೆ ತೋರಿಸು ಎಂದಳು. ಹಾಸಿಗೆಯ ಮೇಲೆ ಕ್ರಿಸ್‌ಮಸ್ ಅಲಂಕಾರದ ಡಬ್ಬಿಗಳು ಗೋಡೆಯಷ್ಟೆತ್ತರ. ಅವನ್ನು ಸರಿಸಿ ದಿಂಬನ್ನೂ ಎತ್ತಿ ನೋಡಿದಳು.

"ಗ್ಲೆಂಡಾ, ನನ್ನ ಮದುವೆಗೆ ಆಲೂಗಡ್ಡೆ ಸಲಾಡ್ ಮಾಡ್ಕೊಂಡು ಬಂದವಳು ಕಣೇ ನೀನು."

"ಸಲಾಡ್ ತಂದೆ ಅಂತ ಹುಡುಗ ಇಲ್ಲೇ ಮಲಗಿದ ಹಾಗಾಗತ್ತಾ?"

"ಜೂನ್ ತನಕ ಬಿಡೇ. ವರ್ಷ ಒಂದು ಮುಗೀಲಿ. ಈಗ ತಾನೇ ಓದೋಕೆ ಶುರು ಮಾಡಿದಾನೆ ಪಾಪದ್ದು."

"ಎಲ್ಲರ ಮನೇದೂ ಪಾಪದ್ದೇ ರೋಂಡಾ."

ಟ್ರೆಂಟ್‌ನನ್ನು ವರ್ಷದ ನಡುವೆ ಹೊರಗೆ ಹಾಕಿದರು. ಆಮೇಲೆ ಅವನು ಯಾವ ಶಾಲೆಗೂ ಸರಿಯಾಗಿ ಹೋಗಲಿಲ್ಲ, ಹೆದ್ದಾರಿ ಪಕ್ಕದ ಕಾರು ತೊಳೆಯುವ ಅಂಗಡಿಗೆ ಸೇರಿದ. ರೋಂಡಾ ಅಂದಿನಿಂದ ತನ್ನ ಅಂಗಳದ ಹಿಮ ಗುಡಿಸುವಾಗ ಅಷ್ಟನ್ನೂ ಗ್ಲೆಂಡಾಳ ಮನೆಯ ಕಡೆಗೇ ತಳ್ಳುತ್ತಿದ್ದಳು.

ದೊಡ್ಡವರು ಹಿಮ ತಳ್ಳಿದರೆ ಮಕ್ಕಳು ಸುಮ್ಮನಿರುತ್ತಾರೆಯೆ? ಒಂದು ದಿನ ಡೆಲೇನಿ ಶಾಲೆಯಲ್ಲಿ ತನ್ನ ಕಪಾಟಿನ ಹತ್ತಿರ ಹೋದರೆ ಬಾಗಿಲ ತುಂಬ ಹಲ್ಲುಜ್ಜುವ ಬ್ರಷ್ಷುಗಳು ಅಂಟಿದ್ದವು. ಹೊಸವು, ಸವೆದವು, ನಾಯಿಯ ಹಲ್ಲುಜ್ಜುವುದೂ ಒಂದು. ಊಟದ ಮನೆಯಲ್ಲಿ ಅವಳು ತಟ್ಟೆ ಹಿಡಿದು ಬಂದರೆ ಕುಸ್ತಿ ತಂಡದ ಮೇಜಿನವರು ಎದ್ದುನಿಂತು ಹಲ್ಲು ತೋರಿಸುವರು.

"ಡೆಲೇನೀ, ಇವತ್ತು ನಿಮ್ಮಜ್ಜಿ ಯಾರ ಬಚ್ಚಲಲ್ಲಿದಾರೆ?"

"ನಿಮ್ಮನೇಗೆ ಬಂದಿದ್ರಂತೆ. ನಿನ್ನ ಬ್ರಷ್ ನೋಡಿ, ಇಲ್ಲಿ ಯಾರೂ ಹಲ್ಲೇ ಉಜ್ಜಲ್ಲ ಅಂತ ವಾಪಸ್ ಬಂದ್ರು" ಎಂದಳು ಡೆಲೇನಿ. ಬಾಯಿಗೇನೋ ಸೋಲಲಿಲ್ಲ. ಆದರೆ ಆ ವಸಂತದಲ್ಲಿ ಬ್ಯಾಂಡಿನ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಇತ್ತು. ಪ್ರಯೋಗಾಲಯದಲ್ಲಿ ಜೋಡಿ ಮಾಡಿಕೊಳ್ಳಿ ಎಂದರೆ ಮೇಷ್ಟ್ರೇ ಅವಳ ಜೋಡಿಯಾಗುತ್ತಿದ್ದರು. ಎರಡನೆಯ ಸ್ಥಾನದಿಂದ ಮಾತ್ರ ಇಳಿಯಲಿಲ್ಲ. ಸಿಟ್ಟಿನಲ್ಲೇ ಓದಿದಳು.

ಕೊನೆಯ ವರ್ಷ ಶುರುವಾಯಿತು. ಕೊನೆಯ ವರ್ಷದ ಮಕ್ಕಳಿರುವ ಮನೆಗಳ ಮುಂದೆ, ಹುಲ್ಲಿನ ಮೇಲೆ, ಮಗುವಿನ ಹೆಸರಿನ ಫಲಕ ನೆಡುವುದು ನಮ್ಮಲ್ಲಿ ರೂಢಿ. ಡೆಲೇನಿಯ ಫಲಕವನ್ನು ಯಾರೋ ಕಿತ್ತು ಚರಂಡಿಗೆ ಹಾಕಿದರು. ಗ್ಲೆಂಡಾ ತೊಳೆದು ಮತ್ತೆ ನೆಟ್ಟಳು. ಮತ್ತೆ ಕಿತ್ತರು. ಅದೇ ಸಂಜೆ ಡೆಲೇನಿ, "ಅಮ್ಮನ ಮನೇಗೆ ಹೋಗ್ತೀನಿ ಅಜ್ಜೀ, ಒಂದೇ ರಾತ್ರಿ" ಎಂದಳು. ಒಂದು ಹೋಗಿ ವಾರವಾಯಿತು, ವಾರ ಹೋಗಿ ಅದೇ ಪದ್ಧತಿಯಾಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಡೆನೀಸ್ ಮಗಳನ್ನು ಬೀದಿಯ ತಿರುವಿನಲ್ಲಿ ಇಳಿಸುವಳು. ಹುಡುಗಿ ಹಿತ್ತಲ ಬಾಗಿಲಿಂದ ಒಳಗೆ ಬಂದು, ಅಜ್ಜಿ ಮಾಡಿಟ್ಟ ರೊಟ್ಟಿ ಮೊಟ್ಟೆ ತಿಂದು, ಮುಂಬಾಗಿಲಿಂದ ಶಾಲೆಗೆ ಹೊರಡುವಳು.

ಬೀದಿಯಲ್ಲಿ ಇಂಥದ್ದನ್ನು ಕಂಡುಹಿಡಿಯುವುದೇ ಕೆಲಸವಾಗಿದ್ದವಳು ತನ್ನ ಮನೆಯೊಳಗೆ ಇದನ್ನು ಕಂಡೂ ಬಾಯಿ ಬಿಡಲಿಲ್ಲ. ಅಷ್ಟೇ ಆಗಿದ್ದರೆ ಕಣ್ಣು ಮುಚ್ಚಿಕೊಂಡಳು ಎನ್ನಬಹುದಿತ್ತು. ಆದರೆ ಬೆಳಿಗ್ಗೆ ಹಿಂದಿನ ಕೋಣೆಗೆ ಹೋಗಿ ಮಡಿಸಿದ ಹೊದಿಕೆಯನ್ನು ಮುದುರಿ ಹಾಕಲು ಶುರು ಮಾಡಿದಳು. ಬಚ್ಚಲಿಗೆ ಹೋಗಿ ಮೊಮ್ಮಗಳ ಬ್ರಷ್ಷನ್ನು ನಲ್ಲಿಯ ಕೆಳಗೆ ಹಿಡಿದಳು. ಅದನ್ನು ಮಾಡುವಾಗ ಕನ್ನಡಿ ನೋಡುತ್ತಿರಲಿಲ್ಲ ಎಂದು ಆಮೇಲೆ ಅವಳೇ ಮಗಳ ಹತ್ತಿರ ಜಗಳದ ನಡುವೆ ಹೇಳಿದ್ದು.

ನವೆಂಬರಿನಲ್ಲಿ ದೂರಿನ ಫೋನು ಹೊಡೆದುಕೊಂಡಿತು. ಪೆಟ್ರಿಕ್ ಮನೆ, ಮೊಮ್ಮಗಳು ಅಲ್ಲಿ ಮಲಗುವುದಿಲ್ಲ. ಗ್ಲೆಂಡಾಳ ಮನೆಯನ್ನು ಗ್ಲೆಂಡಾಳೇ ನೋಡುವ ಹಾಗಿಲ್ಲವಲ್ಲ. ಅವಳ ಕೈಕೆಳಗೆ ಹೊಸದಾಗಿ ಸೇರಿದ್ದ ಕರ್ಟ್ ಎನ್ನುವವನನ್ನು ಕಳಿಸಿದರು. ಅವಳೇ ಪಳಗಿಸಿದವನು. ಬೆಳಿಗ್ಗೆ ಬಾಗಿಲಲ್ಲಿ ಟೋಪಿ ಹಿಡಿದುಕೊಂಡು ನಿಂತ ಅವನ ಕಿವಿಯೆಲ್ಲ ಕೆಂಪಾಗಿತ್ತು.

"ಕ್ಷಮಿಸ್ಬೇಕು ಗ್ಲೆಂಡಾ. ನನಗೆ ನಾಚಿಕೆ ಆಗ್ತಿದೆ."

"ನಾಚ್ಕೊಂಡು ಕೆಲಸ ಮಾಡೋ ಹಾಗಿದ್ರೆ ಮನೇಗೆ ಹೋಗು. ಬಾ ಒಳಗೆ."

ಎದುರು ಅಂಗಳದಲ್ಲಿ ರೋಂಡಾ ಎಲೆ ಗುಡಿಸುತ್ತಿದ್ದಳು. ಗುಡಿಸಿದ್ದ ರಾಶಿಯನ್ನೇ ಮತ್ತೆ ಗುಡಿಸುತ್ತಿದ್ದಳು.

ಕರ್ಟ್ ಹಿಂದಿನ ಕೋಣೆಯ ಹೊಸಿಲಲ್ಲಿ ನಿಂತು ಕತ್ತು ಚಾಚಿದ. ಹೊದಿಕೆ ಮುದುರಿತ್ತು. ಬಚ್ಚಲಿಗೆ ಹೋಗಿ ಬ್ರಷ್ಷಿಗೆ ಒಂದು ಬೆರಳು ತಗುಲಿಸಿದ. ಒದ್ದೆ. "ಎಲ್ಲ ಸರಿ ಇದೆ. ಬರೆದಾಯ್ತು" ಎಂದು ಜೇಬಿಗೆ ಪೆನ್ನು ಸೇರಿಸಿದ. ಡೆಲೇನಿ ಅಡಿಗೆಮನೆಯಲ್ಲಿ ರೊಟ್ಟಿ ಕಚ್ಚಿಕೊಂಡು ಉಸಿರು ಹಿಡಿದಿದ್ದಳು. ಅಲ್ಲಿಗೆ ಮುಗಿದಿತ್ತು. ಇನ್ನು ಜೂನ್ ತನಕ ಯಾರೂ ಆ ಬಾಗಿಲು ತಟ್ಟುತ್ತಿರಲಿಲ್ಲ.

ಮುಂದೆ ನಡೆದದ್ದನ್ನು ಕರ್ಟ್ ಊರೆಲ್ಲ ಹೇಳಿಕೊಂಡು ತಿರುಗಿದ. ಅವನು ಬಾಗಿಲ ಹಿಡಿಗೆ ಕೈಹಾಕಿದ್ದನಂತೆ. ಹಿಂದಿನಿಂದ ಗ್ಲೆಂಡಾ, "ಇಷ್ಟೇನಾ?" ಎಂದಳಂತೆ.

"ಅಂದ್ರೆ?"

"ನಾನು ನಿನಗೆ ಕಲ್ಸಿದ್ದು ಇಷ್ಟೇನಾ? ದಿಂಬು ಎತ್ತಿ ನೋಡಿದ್ಯಾ? ಅಷ್ಟುದ್ದ ಕೂದ್ಲಿರೋ ಹುಡುಗಿ. ದಿಂಬಿನ ಮೇಲೆ ಒಂದು ಎಳೆ ಇದ್ಯಾ ನೋಡು. ಬಟ್ಟೆ ಬುಟ್ಟೀಲಿ ಒಂದು ಕಾಲ್ಚೀಲ ಇದ್ಯಾ ನೋಡು. ಬ್ರಷ್ ಯಾರು ಬೇಕಾದ್ರೂ ಒದ್ದೆ ಮಾಡ್ತಾರೆ ಕತ್ತೆ!"

"ಗ್ಲೆಂಡಾ, ಬಿಡಿ. ನಾನು ಬರೆದಾಯ್ತು."

"ಬರೆದದ್ದು ಹೊಡೆದುಹಾಕು."

"ಅಜ್ಜೀ!" ಡೆಲೇನಿ ಅಡಿಗೆಮನೆಯಿಂದ ಕೂಗಿದಳು.

ಗ್ಲೆಂಡಾ ತಿರುಗಿ ನೋಡಲಿಲ್ಲ. "ಎದುರುಮನೆ ಹುಡುಗನ ದಿಂಬು ನಾನೇ ಎತ್ತಿ ನೋಡಿದ್ದೆ. ಇಲ್ಲೂ ಎತ್ತು" ಎಂದಳು.

ಕರ್ಟ್ ಎತ್ತಿದ. ದಿಂಬು ಅಂಗಡಿಯಿಂದ ತಂದ ಹಾಗಿತ್ತು.

ಮಧ್ಯಾಹ್ನದೊಳಗೆ ಗ್ಲೆಂಡಾಳ ಕೆಲಸ ಹೋಯಿತು. ಕಚೇರಿಯವರು ಕಾರಿನ ಬೀಗದ ಕೈ ಇಸಿದುಕೊಂಡರು. ಡೆಲೇನಿಯ ವಿಷಯದಲ್ಲಿ ಅವರು ಹೇಳಿದ್ದು ಇಷ್ಟು: ಒಮ್ಮೆ ಸಿಕ್ಕಿಬಿದ್ದ ಮೇಲೆ ಅಜ್ಜಿಯ ಮನೆಯಲ್ಲಿದ್ದಾಳೆ ಎನ್ನುವ ಮಾತು ನಡೆಯುವುದಿಲ್ಲ. ಈ ತಿಂಗಳು ಮುಗಿಯುವುದರೊಳಗೆ ತಾಯಿಯೇ ಬ್ರೂಕ್‌ಮಾಂಟಿಗೆ ಬಂದು ನೆಲೆಸಬೇಕು, ಇಲ್ಲವಾದರೆ ಹುಡುಗಿ ತೊರೆಯಾಚೆಯ ಶಾಲೆಗೆ.

ಡೆನೀಸ್ ಆಸ್ಪತ್ರೆಯ ಉಡುಪಿನಲ್ಲೇ ಬಂದಳು. ಕಿಟಕಿಗಳು ಮುಚ್ಚಿದ್ದರೂ ಮಾತು ಬೀದಿಗೆಲ್ಲ ಕೇಳಿಸಿತು.

"ಅವನು ಹೋಗ್ತಿದ್ದ! ಬಾಗಿಲಲ್ಲಿದ್ದ! ಬಾಯಿ ಮುಚ್ಕೊಂಡಿದ್ರೆ ಸಾಕಾಗಿತ್ತು ನಿನಗೆ!"

"ಒಂದೂವರೆ ತಿಂಗಳು ಮುಚ್ಕೊಂಡಿದ್ದೆ. ನಿನ್ನ ಮಗಳ ಬ್ರಷ್ ನಲ್ಲಿಗೆ ಹಿಡಿದಿದ್ದು ನಾನು. ಕನ್ನಡಿ ನೋಡೋಕಾಗ್ತಿರ್ಲಿಲ್ಲ ಡೆನೀಸ್."

"ನಿನ್ನ ಮುಖ ನಿನಗೆ ಸರಿಯಾಗಿ ಕಾಣ್ಲಿ ಅಂತ ಅವಳ ವರ್ಷ ಹಾಳು ಮಾಡಿದ್ಯಾ? ಆಗ ನನ್ನ, ಈಗ ಅವಳನ್ನ!"

"ಹಾಗಾದ್ರೆ ಇಲ್ಲಿಗೇ ಬಾ. ಇಬ್ರೂ ಬನ್ನಿ."

"ಇಲ್ಲಿಗೆ? ನಿನ್ನ ಜೊತೆಗೆ? ನಾನು ಬೆಳಿಗ್ಗೆ ಎದ್ದು ಆ ಅಡಿಗೆಮನೇಲಿ ನಿನ್ನ ಮುಖ ನೋಡೋದಾ? ಕ್ರಿಸ್‌ಮಸ್ ಒಳಗೆ ಪೊಲೀಸ್ರು ಬರ್ತಾರೆ ಅಮ್ಮಾ, ಒಬ್ರನ್ನ ಎತ್ಕೊಂಡು ಹೋಗೋಕೆ."

ಅದು ಇಬ್ಬರಿಗೂ ಗೊತ್ತಿದ್ದ ಸತ್ಯ. ಆಮೇಲೆ ಡೆಲೇನಿಯ ದನಿ.

"ನನಗೆ ಯಾರ ಮನೇನೂ ಬೇಡ. ಅಜ್ಜೀ, ನೀವು ನನ್ನನ್ನ ಹಿಡಿದುಕೊಟ್ರಿ. ಟ್ರೆಂಟ್‌ಗೆ ನೀವು ಏನೂ ಆಗಿರ್ಲಿಲ್ಲ. ನನಗೆ ಅಜ್ಜಿ ಆಗಿದ್ರಿ."

ಬಾಗಿಲು ಬಡಿಯಿತು, ಕಾರು ಹೊರಟಿತು.

ಮಾರನೆಯ ದಿನದಿಂದ ಅವಳು ಡಬ್ಬಿ ಕಟ್ಟತೊಡಗಿದಳು. ಗಂಡನ ಕೋಟುಗಳು ಚರ್ಚಿಗೆ ಹೋದವು. ಪಿಂಗಾಣಿ ತಟ್ಟೆಗಳು ಕಪಾಟಿನಲ್ಲೇ ಉಳಿದವು. ತನಗೆಂದು ತೆಗೆದಿಟ್ಟದ್ದು ಎರಡು ಪೆಟ್ಟಿಗೆ, ಒಂದು ದೀಪ, ಒಂದು ಕುರ್ಚಿ. ಡೆನೀಸಳಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ನಿನ್ನ ಕೋಣೆಗಳ ಬೀಗದ ಕೈ ನನಗೆ ಕೊಡು. ಈ ಮನೇದು ನೀನು ತಗೋ. ಮನೆ ಪತ್ರ ಎಲ್ಲ ನಿನ್ನ ಹೆಸರಿಗೇ ಮಾಡ್ಸಿದೀನಿ. ಒಲೆ ಎಡಗಡೆ ಉರಿ ಸರಿಯಾಗಿ ಹತ್ತಲ್ಲ. ಥ್ಯಾಂಕ್ಸ್ ಗೀಂಕ್ಸ್ ಅನ್ಬೇಡ, ನನಗೆ ಮೈ ಉರಿಯತ್ತೆ."

"ಅನ್ನಲ್ಲ" ಎಂದಳು ಡೆನೀಸ್. ಅನ್ನಲಿಲ್ಲ.

ತಾಯಿ ಮಗಳು ಸಾಮಾನು ತಂದ ದಿನ ಮೂವರೂ ಒಂದೇ ಸೂರಿನಡಿ ಮಲಗಿದ್ದು ಒಂದು ರಾತ್ರಿ. ಬೆಳಗಾಗುವಷ್ಟರಲ್ಲಿ ಆ ಚಳಿಗಾಲದ ಮೊದಲ ಹಿಮ ಬಿದ್ದಿತ್ತು. ಗ್ಲೆಂಡಾ ಹಲ್ಲುಜ್ಜಿ, ತನ್ನ ಬ್ರಷ್ಷನ್ನು ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಬೀಗದ ಕೈಯನ್ನು ಅಡಿಗೆಮನೆಯ ಮೇಜಿನ ಮೇಲೆ ಇಟ್ಟಳು. ಗ್ಯಾರೇಜಿನ ಒಳಬಾಗಿಲಿಂದಲೇ ತನ್ನ ಸ್ವಂತ ಹಳೆಯ ಕಾರಿಗೆ ಹತ್ತಿದಳು. ಗಂಡ ಬಿಟ್ಟುಹೋದ ಕಾರು ಅದು, ಬಾಗಿಲಿನ ಬಣ್ಣ ಎದ್ದಿತ್ತು.

ರೋಂಡಾ ಸಲಿಕೆ ಹಿಡಿದು ಹಿಮ ತಳ್ಳುತ್ತಿದ್ದಳು. ಗ್ಲೆಂಡಾ ಕಾರು ನಿಲ್ಲಿಸಿ ಗಾಜು ಇಳಿಸಿದಳು.

"ಫೋನ್ ಮಾಡಿದ್ದು ನಾನೇ" ಎಂದಳು ರೋಂಡಾ.

"ಗೊತ್ತು. ನೀನು ಹೆಸರು ಹೇಳ್ದೆ ಇದ್ರೂ ದನಿ ಗೊತ್ತಾಗತ್ತೆ ಅಂದ್ರು ಕಚೇರೀಲಿ."

"ನಂಗೇನೂ ಬೇಜಾರಿಲ್ಲ."

"ಬೇಜಾರಾಗು ಅಂತ ಕೇಳಿದ್ನಾ? ಇವತ್ತೂ ಫೋನ್ ಮಾಡು. ಬಂದು ನೋಡ್ಲಿ."

"ಆ ಲಟಾರಿ ಕಾರಲ್ಲಿ ತೊರೆಯಾಚೆ ಓಡಾಡ್ತೀಯಾ? ನಿನ್ನಂಥವಳು ಯಾರಾದ್ರೂ ಹಿಂದೆ ಬಿದ್ದಾಳು ನೋಡ್ಕೋ."

"ಬೀಳ್ಲಿ. ಅವಳ ಕೆಲಸ ಅವಳು ಮಾಡ್ಲಿ."

ರೋಂಡಾ ಒಂದು ಸಲಿಕೆ ಹಿಮ ಎತ್ತಿದಳು. ಯಾವ ಕಡೆ ಹಾಕುವುದೆಂದು ಗೊತ್ತಾಗದವಳ ಹಾಗೆ ಹಿಡಿದುಕೊಂಡೇ ನಿಂತಳು. ಕೊನೆಗೆ ತನ್ನ ಅಂಗಳಕ್ಕೇ ಸುರಿದುಕೊಂಡಳು.

ಗ್ಲೆಂಡಾ ಮುಂದೆ ಹೋಗಿ ತಿರುವಿನಲ್ಲಿ, ತಾನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ, ಕಾರನ್ನು ಪಕ್ಕಕ್ಕೆ ಹಾಕಿದಳು. ಫ್ಲಾಸ್ಕಿನ ಮುಚ್ಚಳ ತೆಗೆದು ಕನ್ನಡಿಯಲ್ಲಿ ಮನೆಯನ್ನು ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಮುಂಬಾಗಿಲು ತೆರೆಯಿತು. ಡೆಲೇನಿ ಬಂದಳು, ಭುಜದ ಮೇಲೆ ಚೀಲ, ಕಂಕುಳಲ್ಲಿ ಬ್ಯಾಂಡಿನ ಕೋಲು. ತಿರುವಿನ ಕಾರನ್ನು ಅವಳು ಕಂಡಳು. ಕೈ ಎತ್ತಲಿಲ್ಲ, ಮುಖ ತಿರುಗಿಸಿಕೊಂಡಳು.

ಮೆಟ್ಟಿಲ ಮೇಲಿನ ಹಿಮ ಯಾರೂ ಮುಟ್ಟದ ಹಾಗಿತ್ತು. ಒಣಗಿದ ಬೂಟು ಮೊದಲ ಮೆಟ್ಟಿಲ ಮೇಲೆ ಇಳಿಯಿತು. ಒಳಗಿನಿಂದ ಹೊರಗೆ ಬಂದ ಹೆಜ್ಜೆಗಳೇ ಹೊರತು ಹೊರಗಿನಿಂದ ಒಳಗೆ ಹೋದದ್ದು ಒಂದೂ ಇರಲಿಲ್ಲ. ಗ್ಲೆಂಡಾ ಅದನ್ನು ಕಣ್ಣು ಕಿರಿದು ಮಾಡಿ ನೋಡಿ ಖಾತ್ರಿ ಮಾಡಿಕೊಂಡಳು. ಮುಚ್ಚಳ ತಿರುಗಿಸಿ, ಕಾರು ಶುರು ಮಾಡಿ, ತೊರೆಯ ಕಡೆಗೆ ಹೊರಟಳು.